ದೇಶ ಸುತ್ತುವ ಮುನ್ನ ಕೋಶ ಓದೋಣ

'ದೇಶ ಸುತ್ತು, ಇಲ್ಲವೇ ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆಯನ್ನು ವಿಸ್ತರಿಸಿ ಬರೆಯದೆ ಹೈಸ್ಕೂಲು ದಾಟಿದವರು ನಮ್ಮಲ್ಲಿ ವಿರಳ. ಗಾದೆಯ ಮೇಲೆ ನಮಗೆ ಗೌರವವಿದೆ. ಆದರೆ ಅದರ ನಡುವೆ ಕುಳಿತಿರುವ 'ಇಲ್ಲವೇ' ಎಂಬ ಪದದ ಬಗೆಗೆ ಮಾತ್ರ ಸ್ವಲ್ಪ ತಕರಾರಿದೆ. ಎರಡರಲ್ಲಿ ಒಂದನ್ನು ಮಾಡಿದರೆ ಸಾಕೆಂಬ ಅರ್ಥ ಅದರಿಂದ ಹೊರಡುತ್ತದೆ. ಓದದೆ ಸುತ್ತಿದವನಿಗೆ ದಕ್ಕುವುದು ಕಾಲಿನ ದಣಿವು ಮತ್ತು ಫೋಟೋಗಳು. ಓದಿ ಸುತ್ತಿದವನಿಗೆ ಕಲ್ಲೂ ಮಾತನಾಡುತ್ತದೆ. ಆದುದರಿಂದ ಕೋಶ ಮೊದಲು, ದೇಶ ಆಮೇಲೆ ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯ ಗಟ್ಟಿಯಾದುದು ಮನೆಮಂದಿಯೊಡನೆ ನಾವು ಕೈಗೊಂಡ ಮೆಡಿಟರೇನಿಯನ್ ಸಮುದ್ರಯಾನದಿಂದ.

ಇದೇ ಶಾಲೆಯಲ್ಲಿ ಓದಿ, ಈಗ ಇಲ್ಲಿಗೇ ಮಕ್ಕಳನ್ನು ಕಳುಹಿಸುತ್ತಿರುವ ಹೆತ್ತವರು ನಾವು. ಕೊಲ್ಲಿ ದೇಶದಲ್ಲಿ ದುಡಿಯುವ ಅಣ್ಣನ ಕುಟುಂಬ ಮತ್ತು ನಾವು ಹಲವು ವರ್ಷ ಕೂಡಿಟ್ಟ ಹಣದಲ್ಲಿ, ಅಜ್ಜಿಯಿಂದ ಹಿಡಿದು ಆರನೇ ತರಗತಿಯ ಹುಡುಗಿಯ ವರೆಗೆ ಒಂಬತ್ತು ಮಂದಿ, ಹತ್ತು ದಿನಗಳ ಯಾತ್ರೆ ಹೊರಟೆವು. ಇಟಲಿಯ ಚಿವಿತಾವೆಕ್ಕಿಯಾ ಬಂದರಿನಲ್ಲಿ ಹಡಗು ಹತ್ತಿ ನೇಪಲ್ಸ್, ಅಥೆನ್ಸ್, ಇಸ್ತಾಂಬುಲ್, ಎಫೆಸಸ್ ಕಂಡು, ಮಾಲ್ಟಾ ದ್ವೀಪದ ಮೂಲಕ ಮರಳಿದೆವು.

ಇಂಥ ಯಾತ್ರೆ ಹೊಸ ಪದ್ಧತಿಯೇನಲ್ಲ. 1867ರ ಜೂನ್ ತಿಂಗಳಲ್ಲಿ 'ಕ್ವೇಕರ್ ಸಿಟಿ' ಎಂಬ ಹಡಗು ನ್ಯೂಯಾರ್ಕಿನಿಂದ ಪ್ರವಾಸಿಗರನ್ನು ಹೊತ್ತು ಹೊರಟು, ಭೂಮಧ್ಯ ಸಮುದ್ರದ ಬಂದರುಗಳನ್ನೂ ಕ್ರೈಸ್ತರ ಪುಣ್ಯಭೂಮಿಯನ್ನೂ ತೋರಿಸಿ ನವೆಂಬರಿನಲ್ಲಿ ಮರಳಿತು. ಅದರಲ್ಲಿ ಪತ್ರಿಕಾ ಬಾತ್ಮೀದಾರನಾಗಿ ಹೋಗಿದ್ದ ಮಾರ್ಕ್ ಟ್ವೈನ್ 1869ರಲ್ಲಿ 'ದಿ ಇನ್ನೊಸೆಂಟ್ಸ್ ಅಬ್ರಾಡ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಪುಣ್ಯಸ್ಥಳಗಳ ಕಲ್ಲನ್ನೇ ಚಕ್ಕೆ ಎಬ್ಬಿಸಿ ನೆನಪಿಗೆಂದು ಒಯ್ಯುತ್ತಿದ್ದ ಸಹಪ್ರಯಾಣಿಕರನ್ನು ಆತ ಅದರಲ್ಲಿ ಚೆನ್ನಾಗಿ ಗೇಲಿ ಮಾಡಿದ್ದಾನೆ. ಅಂದು ಐದು ತಿಂಗಳು ಹಿಡಿದ ಸುತ್ತಾಟದ ಬಹುಭಾಗವನ್ನು ಇಂದು ಹತ್ತು ದಿನಗಳಲ್ಲಿ ಮುಗಿಸುತ್ತಾರೆ. ಅತಿ ದೊಡ್ಡ ಹಡಗುಗಳು ಒಮ್ಮೆಗೆ ಐದು ಸಾವಿರಕ್ಕೂ ಮಿಕ್ಕಿದ ಪ್ರಯಾಣಿಕರನ್ನು ಹೊರುತ್ತವೆ. ಸಂತ ಪೌಲನು ಸೆರೆಯಾಳಾಗಿ ರೋಮಿಗೆ ಹೋಗುತ್ತಿದ್ದಾಗ ಮಾಲ್ಟಾದ ಬಳಿ ಒಡೆದ ಹಡಗಿನಲ್ಲಿ 276 ಜನರಿದ್ದರೆಂದು ಬೈಬಲ್ ಹೇಳುತ್ತದೆ. ಅಂಥ ಹದಿನೆಂಟು ಹಡಗುಗಳ ಜನ ಇಂದು ಒಂದೇ ಹಡಗಿನಿಂದ ಒಂದೇ ಬೆಳಿಗ್ಗೆ ಇಳಿಯುತ್ತಾರೆ!

ಹಡಗಿನ ಗುಣವನ್ನು ಮೊದಲು ಹೇಳಬೇಕು. ಒಮ್ಮೆ ಬಿಚ್ಚಿದ ಪೆಟ್ಟಿಗೆಯನ್ನು ಹತ್ತು ದಿನ ಮತ್ತೆ ಕಟ್ಟಬೇಕಿಲ್ಲ. ಮೊಣಕಾಲು ನೋವಿನ ಅಜ್ಜಿಗೂ ಆಟದ ಹುಡುಗನಿಗೂ ಏಕಕಾಲದಲ್ಲಿ ಅನುಕೂಲ. ಮೇಲಾಗಿ ಭೂಪಟದಲ್ಲಿ ಬೇರೆ ಬೇರೆ ಬಣ್ಣ ಬಳಿದು ದೂರ ದೂರವೆಂದು ತೋರುವ ದೇಶಗಳು ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಎದುರಾಗುತ್ತವೆ. ಯುರೋಪು, ಏಷ್ಯಾ, ಆಫ್ರಿಕಾ ಎಂಬ ಮೂರು ಖಂಡಗಳ ಜನ ಏಕೆ ಅಷ್ಟೊಂದು ಕಾದಾಡಿದರು, ಏಕೆ ಒಬ್ಬರ ದೇವರೂ ಲಿಪಿಯೂ ಇನ್ನೊಬ್ಬರ ಊರಿಗೆ ಹೋಯಿತು ಎಂಬುದು ಸಮುದ್ರದ ಮೇಲಿದ್ದಾಗ ತಾನಾಗಿ ತಿಳಿಯುತ್ತದೆ.

ಆದರೆ ಹಡಗು ಕೊಡದಿರುವುದು ಒಂದಿದೆ, ಅದು ಸಮಯ. ಪೌಲನು ಎಫೆಸಸಿನಲ್ಲಿ ಎರಡು ವರ್ಷಗಳಿಗೂ ಮಿಕ್ಕಿ ನೆಲೆಸಿ ಬೋಧಿಸಿದನು. ಅದೇ ಎಫೆಸಸಿಗೆ ನಮಗೆ ದೊರೆತದ್ದು ನಾಲ್ಕು ಗಂಟೆ. ಅದರಲ್ಲೂ ಮುಕ್ಕಾಲು ಗಂಟೆಯನ್ನು ದಾರಿಯ ಒಂದು ರತ್ನಗಂಬಳಿ ಅಂಗಡಿ ನುಂಗಿತು. ಮಾರ್ಗದರ್ಶಿಯು ಬಣ್ಣದ ಕೊಡೆ ಎತ್ತಿ ಹಿಡಿದು ಮುಂದೆ ಓಡುವುದು, ಹಿಂದಿನಿಂದ ನಾವು ಓಡುವುದು. ಹೀಗಿರುವಾಗ ಅಲ್ಲಿ ನಿಂತು ಓದಿ ತಿಳಿಯುತ್ತೇವೆಂಬುದು ಸುಳ್ಳು. ತಿಳಿಯುವ ಕೆಲಸ ಮನೆಯಲ್ಲೇ ಆಗಬೇಕು.

ನಾವು ಹೊರಡುವ ಎರಡು ತಿಂಗಳ ಮೊದಲೇ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಊರನ್ನು ಹಂಚಿದ್ದೆವು. ಎಫೆಸಸ್ ಬಂದದ್ದು ಆರನೇ ತರಗತಿಯವಳ ಪಾಲಿಗೆ. ಇಪ್ಪತ್ತೈದು ಸಾವಿರ ಜನ ಹಿಡಿಸುವ ರಂಗಶಾಲೆಯಿಂದ ಹೊರಟು ನೇರವಾಗಿ ಹೋಗುವ ಅಮೃತಶಿಲೆಯ ಬೀದಿಯನ್ನು ಕಂಡೊಡನೆ ಅವಳು ಕೇಳಿದ ಪ್ರಶ್ನೆ, "ಇದು ಬಂದರಿಗೆ ಹೋಗುವ ಬೀದಿಯಲ್ಲವೇ? ಸಮುದ್ರ ಎಲ್ಲಿ?" ಸಮುದ್ರ ಅಲ್ಲಿಲ್ಲ. ನದಿ ತಂದು ಸುರಿದ ಹೂಳಿನಿಂದ ಬಂದರು ಮುಚ್ಚಿ, ಕಡಲು ಮೈಲುಗಟ್ಟಲೆ ಹಿಂದೆ ಸರಿದಿದೆ. ಬಂದರು ಸತ್ತುದರಿಂದ ನಗರವೂ ಸತ್ತಿತು. ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಮರಳ ದಿಬ್ಬ ಕಂಡು ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಆರ್ತೆಮಿಸ್ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ದೆಮೇತ್ರಿಯ ಎಂಬ ಅಕ್ಕಸಾಲಿಗನು, ತನ್ನ ವ್ಯಾಪಾರಕ್ಕೆ ಕುತ್ತು ಬಂತೆಂದು ಪೌಲನ ವಿರುದ್ಧ ಜನರನ್ನು ಎಬ್ಬಿಸಿದ ಗಲಭೆ ಇದೇ ರಂಗಶಾಲೆಯಲ್ಲಿ ನಡೆಯಿತೆಂಬುದನ್ನೂ ಅವಳೇ ಅಜ್ಜಿಗೆ ಹೇಳಿದಳು. ನಮ್ಮ ಗುಂಪಿನ ಬೇರೆ ಕೆಲವು ಮಕ್ಕಳು ಅಷ್ಟರಲ್ಲಿ ಐಸ್‌ಕ್ರೀಮಿಗಾಗಿ ಅಳುತ್ತಿದ್ದರು. ಬುದ್ಧಿಯಲ್ಲಿ ಅವರೇನೂ ಕಡಿಮೆಯವರಲ್ಲ. ಅವರಿಗೆ ಯಾರೂ ಮೊದಲೇ ಕಥೆ ಹೇಳಿರಲಿಲ್ಲ, ಅಷ್ಟೆ.

ಎಫೆಸಸಿನ ಹತ್ತಿರವೇ, ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದೆನಿಸಿದ್ದ ಆರ್ತೆಮಿಸ್ ದೇವಾಲಯದ ನಿವೇಶನವಿದೆ. ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂದೇ ಒಂದು ಕಂಬ ಅಲ್ಲಿ ಉಳಿದಿದೆ. ಆ ಕಂಬದಾಚೆಗೆ ದೃಷ್ಟಿ ಹಾಯಿಸಿದರೆ 14ನೇ ಶತಮಾನದ ಈಸಾ ಬೇ ಮಸೀದಿ, ಅದರ ಮೇಲ್ಗಡೆ ಸಂತ ಯೋಹಾನನ ಇಗರ್ಜಿಯ ಅವಶೇಷ ಕಾಣುತ್ತವೆ. ಮೂರು ಕಾಲದ ಮೂರು ನಂಬಿಕೆಗಳು ಒಂದೇ ನೋಟದಲ್ಲಿ ನಿಂತಿವೆ.

ನಮ್ಮ ಮಕ್ಕಳಿಗೆ ಇಂಥ ಯಾತ್ರೆಯಿಂದ ಆಗಬೇಕಾದ ಮುಖ್ಯ ಪಾಠ ಇಲ್ಲಿದೆ ಎಂದು ನಾವು ತಿಳಿಯುತ್ತೇವೆ. ಭೂಮಧ್ಯ ಸಮುದ್ರದ ದಂಡೆಯ ದೊಡ್ಡ ಕಟ್ಟಡಗಳಲ್ಲಿ ಹಲವು, ಒಬ್ಬರ ಕೈಯಲ್ಲೇ ಉಳಿದವುಗಳಲ್ಲ. ಅಥೆನ್ಸಿನ ಪಾರ್ಥೆನಾನನ್ನು ಕಟ್ಟಿದ್ದು ಕ್ರಿ. ಪೂ. 447ರಿಂದ 432ರ ವರೆಗೆ, ಅಥೀನಾ ದೇವಿಗಾಗಿ. ಮುಂದೆ ಅದು ಕ್ರೈಸ್ತರ ಇಗರ್ಜಿಯಾಯಿತು, ತುರ್ಕರ ಕಾಲದಲ್ಲಿ ಮಸೀದಿಯಾಯಿತು. 1687ರಲ್ಲಿ ವೆನಿಸಿನ ಸೈನ್ಯ ಹಾರಿಸಿದ ಗುಂಡು ಒಳಗೆ ಶೇಖರಿಸಿದ್ದ ಮದ್ದಿಗೆ ತಗಲಿ ಸಿಡಿಯಿತು. ಅಳಿದುಳಿದ ಶಿಲ್ಪಗಳಲ್ಲಿ ಬಹಳಷ್ಟನ್ನು 19ನೇ ಶತಮಾನದ ಆರಂಭದಲ್ಲಿ ಲಾರ್ಡ್ ಎಲ್ಗಿನ್ ಸಾಗಿಸಿದನು. ಅವು ಇಂದಿಗೂ ಲಂಡನಿನಲ್ಲಿವೆ. ಇಸ್ತಾಂಬುಲಿನ ಹಾಗಿಯಾ ಸೋಫಿಯಾವನ್ನು ಜಸ್ಟಿನಿಯನ್ ಚಕ್ರವರ್ತಿ 537ರಲ್ಲಿ ಇಗರ್ಜಿಯಾಗಿ ಮುಗಿಸಿದನು. 1453ರಲ್ಲಿ ಅದು ಮಸೀದಿಯಾಯಿತು, 1935ರಲ್ಲಿ ವಸ್ತುಸಂಗ್ರಹಾಲಯವಾಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು.

ಈ ಸಂಗತಿಗಳನ್ನು ಮಕ್ಕಳಿಗೆ ಹೇಗೆ ಹೇಳಬೇಕು? ಸಿಟ್ಟಿನಿಂದ ಹೇಳಿದರೆ ಮುಂದಿನ ತಲೆಮಾರಿಗೆ ಹಳೆಯ ಜಗಳವನ್ನು ಬಳುವಳಿ ಕೊಟ್ಟಂತಾಗುತ್ತದೆ. ಮುಚ್ಚಿಟ್ಟರೆ ಸುಳ್ಳು ಕಲಿಸಿದಂತಾಗುತ್ತದೆ. ಕಟ್ಟಿದವರು ಯಾರು, ಕಿತ್ತುಕೊಂಡವರು ಯಾರು, ಕಾಪಾಡಿದವರು ಯಾರು ಎಂಬ ಮೂರನ್ನೂ ಇಸವಿ ಸಹಿತ ಪೂರ್ಣವಾಗಿ ಹೇಳುವುದೇ ಸರಿ. ಪೂರ್ಣವಾಗಿ ಕೇಳಿದ ಮಗು ಸಾಮಾನ್ಯವಾಗಿ ಯಾರನ್ನೂ ದ್ವೇಷಿಸುವುದಿಲ್ಲ. ಅರ್ಧ ಕೇಳಿದವನೇ ಅಪಾಯಕಾರಿ.

ಇನ್ನೊಂದು ಮಾತು. ದೇವರ ಸ್ಥಳಕ್ಕೆ ಹೋದವರು ಅಲ್ಲಿನ ನಡವಳಿಕೆಯನ್ನು ಪಾಲಿಸಬೇಕು. ಕೆಲವರು ನಮಾಜು ಮಾಡುವವರ ಎದುರು, ಮೊಂಬತ್ತಿ ಹಚ್ಚಿ ಕಣ್ಣು ಮುಚ್ಚಿ ನಿಂತವರ ಎದುರು, ಮೊಬೈಲು ಚಾಚಿ ನಗುನಗುತ್ತಾ ತಮ್ಮ ಚಿತ್ರ ತಾವೇ ತೆಗೆದುಕೊಳ್ಳುವುದನ್ನು ಕಂಡೆವು. ನಮ್ಮ ಮಧೂರಿನ ದೇವಸ್ಥಾನದಲ್ಲೋ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯಲ್ಲೋ ಪರದೇಶದವರು ಬಂದು ಹೀಗೆ ಮಾಡಿದರೆ ನಮಗೆ ಹೇಗಾದೀತು? ಎಫೆಸಸಿನ ಬೆಟ್ಟದ ಮೇಲೆ ಮಾತೆ ಮೇರಿಯ ಮನೆ ಎಂದು ನಂಬಲಾದ ಪುಟ್ಟ ಕಲ್ಲಿನ ಮನೆಯೊಂದಿದೆ. ಅಲ್ಲಿಗೆ ಕ್ರೈಸ್ತರೂ ಬರುತ್ತಾರೆ, ಮುಸಲ್ಮಾನರೂ ಬರುತ್ತಾರೆ. ಅವರ ನಡುವೆ ನಮ್ಮ ಅಜ್ಜಿಯೂ ಚಪ್ಪಲಿ ಕಳಚಿ ಕೈಮುಗಿದು ನಿಂತರು. ಹೀಗೆ ನಿಲ್ಲಿರಿ ಎಂದು ಅವರಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ.

ಎಲ್ಲವನ್ನೂ ನೋಡಬೇಕೆಂಬ ಆಸೆಯನ್ನೂ ಬಿಡಬೇಕು. ನೇಪಲ್ಸ್ ಬಂದರಿನಲ್ಲಿ ಬಹುತೇಕ ಎಲ್ಲರೂ ಬಸ್ಸು ಹತ್ತುವುದು ಪೊಂಪೇಗೆ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಆ ನಗರ ನೋಡತಕ್ಕದ್ದೇ. ಆದರೆ ಅಲ್ಲಿನ ಮನೆಯೊಂದರಲ್ಲಿ 1938ರಲ್ಲಿ ಸಿಕ್ಕಿದ ದಂತದ ಸ್ತ್ರೀವಿಗ್ರಹವೊಂದು ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಗೇಣುದ್ದದ ಆ ವಿಗ್ರಹವನ್ನು ಕೆತ್ತಿದ್ದು ಭಾರತದಲ್ಲಿ. ಅದನ್ನು ಲಕ್ಷ್ಮಿಯೆಂದು ಕರೆಯುವವರಿದ್ದಾರೆ, ಯಕ್ಷಿಯೆನ್ನುವ ವಿದ್ವಾಂಸರೂ ಇದ್ದಾರೆ. ನಮ್ಮ ನೆಲದ ಶಿಲ್ಪಿಯ ಕೈಕೆಲಸ ಸಮುದ್ರ ದಾಟಿ ರೋಮನ್ನರ ಮನೆ ಸೇರಿತು. ಅವರ ನಾಣ್ಯಗಳು ಸಮುದ್ರ ದಾಟಿ ಬಂದು ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ದೊರೆತವು. ಹಡಗಿನವರ ಪಟ್ಟಿಯಲ್ಲಿ ಈ ವಿಗ್ರಹದ ಹೆಸರಿರಲಿಲ್ಲ. ಓದಿ ತಿಳಿದಿದ್ದರಿಂದ ನಾವು ಆ ದಿನ ಗುಂಪನ್ನು ಬಿಟ್ಟು ಅದನ್ನೇ ಹುಡುಕಿಕೊಂಡು ಹೋದೆವು.

ಪ್ರವಾಸಿಗರ ಮಹಾಪೂರದಿಂದ ಆ ಊರುಗಳಿಗೆ ಆಗುತ್ತಿರುವ ತೊಂದರೆಯನ್ನೂ ಮರೆಯಬಾರದು. ವೆನಿಸಿನ ನಡುವಣ ಕಾಲುವೆಯಲ್ಲಿ ದೊಡ್ಡ ಹಡಗುಗಳ ಸಂಚಾರವನ್ನು 2021ರಲ್ಲಿ ನಿಷೇಧಿಸಲಾಯಿತು. ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟಕ್ಕೆ ದಿನಕ್ಕೆ 20,000 ಜನರೆಂಬ ಮಿತಿಯನ್ನು 2023ರಲ್ಲಿ ತಂದರು. ಹಡಗಿನಲ್ಲೇ ಉಂಡು, ಹಡಗಿನಲ್ಲೇ ಮಲಗುವವನಿಂದ ಊರಿನವರಿಗೆ ಸಿಗುವ ಸಂಪಾದನೆ ಕಡಿಮೆ, ನೂಕುನುಗ್ಗಲು ಹೆಚ್ಚು. ಅತಿಥಿಯಾಗಿ ಹೋದವರು ಅತಿಥಿಯಂತೆಯೇ ಇರಬೇಕಾದುದು ಧರ್ಮ.

"ಇದೆಲ್ಲ ಹಣವುಳ್ಳವರ ಮಾತಾಯಿತು, ನಮಗೇನು ಪ್ರಯೋಜನ?" ಎಂದು ಹೆತ್ತವರಲ್ಲಿ ಕೆಲವರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಾಲ ಮಾಡಿ ಇಂಥ ಯಾತ್ರೆ ಹೋಗಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು ಕನ್ನಡಕ್ಕೆ ಕೊಟ್ಟರು. ಅದಕ್ಕೆ ಬೇಕಾದ ಜೆರೂಸಲೇಮು ಅವರಿಗೆ ದೊರೆತದ್ದು ಹಲವು ಭಾಷೆಗಳ ಗ್ರಂಥಗಳಿಂದ. ಇನ್ನೊಂದು ಕಡೆ, ಮೊರಾಕ್ಕೋ ದೇಶದ ಟಾಂಜಿಯರಿನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ ಎಫೆಸಸಿನ ಪಕ್ಕದ ಊರನ್ನೂ ಕಾನ್‌ಸ್ಟಾಂಟಿನೋಪಲನ್ನೂ ಕಂಡು, ವರ್ಷಗಳ ಬಳಿಕ ಹೊನ್ನಾವರ, ಮಂಗಳೂರುಗಳಿಗೆ ಬಂದು, ನಮ್ಮ ಕರಾವಳಿಯನ್ನು ಹಾದು ಏಳಿಮಲೆಯತ್ತ ಸಾಗಿದನು. ಅವನು ಕಂಡದ್ದನ್ನು ನೆನಪಿಟ್ಟು ಹೇಳಿದ್ದರಿಂದಲೇ ಆರುನೂರು ವರ್ಷಗಳ ಹಿಂದಿನ ಮಂಗಳೂರು ಇಂದು ನಮಗೆ ಓದಲು ಸಿಗುತ್ತದೆ.

ಶಾಲೆಯ ವಾರ್ಷಿಕ ಪ್ರವಾಸವನ್ನೇ ನೋಡಿರಿ. ರಾತ್ರಿ ಬಸ್ಸು ಹತ್ತಿ, ಒಂದೇ ಹಗಲಿನಲ್ಲಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮುಗಿಸಿ, ಮತ್ತೆ ರಾತ್ರಿ ಬಸ್ಸು ಹತ್ತುವ ಕ್ರಮ ಹಲವು ಶಾಲೆಗಳಲ್ಲಿ ಇದೆ. ಹಡಗಿನ ದೋಷವೇ ಇಲ್ಲಿಯೂ ಇದೆ. ಇದರ ಬದಲು ದಿನಕ್ಕೆ ಒಂದೇ ಸ್ಥಳವನ್ನು ನೋಡಬಾರದೇಕೆ? ಹೊರಡುವ ಮೊದಲಿನ ತಿಂಗಳು ವಾರಕ್ಕೊಂದು ಪಾಠವನ್ನು ಆ ಸ್ಥಳಕ್ಕೆ ಮೀಸಲಿಡಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಅಲ್ಲಿ ಉತ್ತರ ಹುಡುಕಬೇಕಾದ ಒಂದು ಪ್ರಶ್ನೆಯನ್ನು ಮನೆಯಿಂದಲೇ ಬರೆದುಕೊಂಡು ಹೋಗಬಹುದು. ಅಲ್ಲಿ ಅರ್ಧ ಗಂಟೆ ಮೊಬೈಲನ್ನು ಚೀಲದಲ್ಲಿಟ್ಟು ಸುಮ್ಮನೆ ಕುಳಿತು ನೋಡಲಿ. ಹಿಂತಿರುಗಿದ ಮೇಲೆ ಒಂದು ಪುಟ ಬರೆಯಲಿ. ದೂರ ಹೋಗಲಾಗದ ವರ್ಷ ಬೇಕಲ ಕೋಟೆಯೇ ಸಾಕು. ಕೆಳದಿಯ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ ಆ ಕೋಟೆ ಮುಂದೆ ಹೈದರಾಲಿಯ, ಟಿಪ್ಪುವಿನ, ಬಳಿಕ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. ಕಡಲ ದಂಡೆಯಲ್ಲಿ ನಿಂತ ಕಟ್ಟಡ ಹೇಗೆ ಕೈಯಿಂದ ಕೈಗೆ ದಾಟುತ್ತದೆಂಬ ಪಾಠಕ್ಕೆ ಪಾರ್ಥೆನಾನೇ ಬೇಕೆಂದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರು ಮುಂದೆ ಉದ್ಯೋಗಕ್ಕಾಗಿ, ವಿದ್ಯಾಭ್ಯಾಸಕ್ಕಾಗಿ ಸಮುದ್ರ ದಾಟುವವರೇ. ಆ ದಿನ ಬಂದಾಗ ನಿಮ್ಮ ಪೆಟ್ಟಿಗೆಯಲ್ಲಿ ಬಟ್ಟೆಯೊಂದಿಗೆ ಒಂದೆರಡು ಪುಸ್ತಕಗಳೂ ಇರಲಿ. ಅಲ್ಲಿಯ ವರೆಗೆ ನಮ್ಮ ಶಾಲೆಯ ವಾಚನಾಲಯದ ಇತಿಹಾಸದ ಕಪಾಟು ಧೂಳು ಹಿಡಿಯದಂತೆ ನೋಡಿಕೊಳ್ಳಿರಿ. ಹೆತ್ತವರು ಮತ್ತು ಅಧ್ಯಾಪಕರು ಮುಂದಿನ ವರ್ಷದ ಪ್ರವಾಸವನ್ನು ಯೋಜಿಸುವಾಗ ನಮ್ಮ ಈ ಸಲಹೆಯನ್ನು ಒಮ್ಮೆ ಪರಿಶೀಲಿಸಬೇಕೆಂದು ವಿನಂತಿ.