ನಾಲಗೆಗೆ ಬೇಕಾದ ಪಾಠ

ಈಜು ಕಲಿಯಬೇಕೆನ್ನುವವನು ಮಲಪ್ರಭೆಯ ದಂಡೆಯ ಮೇಲೆ ಕುಳಿತು ನೀರಿನ ಗುಣಗಳನ್ನು ಬಾಯಿಪಾಠ ಮಾಡುವುದಿಲ್ಲ; ನೀರಿಗೆ ಇಳಿಯುತ್ತಾನೆ. ಆದರೆ ಇಂಗ್ಲಿಷ್ ಮಾತನ್ನು ಕಲಿಸುವುದರಲ್ಲಿ ನಾವು ಬಹುಕಾಲ ದಂಡೆಯ ಮೇಲೆಯೇ ಉಳಿದಿದ್ದೇವೆ. ನೇಕಾರರ ಊರಾದ ರಾಮದುರ್ಗದಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿ, ಒಳ್ಳೆಯ ಅಂಕಗಳನ್ನು ಪಡೆದ ವಿದ್ಯಾರ್ಥಿಯೂ ಸಂದರ್ಶನದಲ್ಲಿ ಮೂಕನಾಗುವುದುಂಟು. ಇದು ಅವನ ಬುದ್ಧಿಯ ಕೊರತೆಯಲ್ಲ. ಅವನ ಕೈಗೆ ನಾವು ಕೊಟ್ಟ ಪಾಠಸಾಮಗ್ರಿಯ ಕೊರತೆ.

ಪುಸ್ತಕದಲ್ಲಿ ಅಚ್ಚಾದ ಸಂಭಾಷಣೆಯನ್ನು ಇಬ್ಬರು ಎದ್ದುನಿಂತು ಒಪ್ಪಿಸಿದರೆ ಅದು ಕಂಠಪಾಠವೇ ಹೊರತು ಮಾತಲ್ಲ. ಒಂದೇ ಬೆಂಚಿನ ಗೆಳೆಯನು ‘ನಿನ್ನ ಹೆಸರೇನು?’ ಎಂದು ಕೇಳಿದರೆ ಅದರಲ್ಲಿ ತಿಳಿಯಬೇಕಾದುದೇನೂ ಇಲ್ಲ. ಒಬ್ಬನಿಗೆ ತಿಳಿದುದು ಇನ್ನೊಬ್ಬನಿಗೆ ಬೇಕಾದಾಗ ಮಾತ್ರ ನಿಜವಾದ ಮಾತು ಹುಟ್ಟುತ್ತದೆ. ಪಾಠವನ್ನು ರಚಿಸುವವರು ಮೊದಲು ಈ ಅಗತ್ಯವನ್ನು ಉಂಟುಮಾಡಬೇಕು.

ಅದಕ್ಕೆ ಹೆಚ್ಚಿನ ವೆಚ್ಚ ಬೇಡ. ಎರಡು ರಟ್ಟಿನ ತುಂಡುಗಳು ಸಾಕು. ಒಂದರಲ್ಲಿ ಬಸ್ಸುಗಳ ವೇಳಾಪಟ್ಟಿ ಇರಲಿ. ಇನ್ನೊಂದರಲ್ಲಿ ಗೊಡಚಿಯ ಜಾತ್ರೆಗೆ ಹೋಗಿ ಸಂಜೆಯೊಳಗೆ ಮರಳಬೇಕಾದ ಕುಟುಂಬದ ವಿವರವಿರಲಿ. ಒಬ್ಬರ ರಟ್ಟನ್ನು ಇನ್ನೊಬ್ಬರು ನೋಡಕೂಡದು. ಆಗ ಕೇಳದೆ, ಹೇಳದೆ ಗತ್ಯಂತರವಿಲ್ಲ. ನೇಕಾರರ ಮಗಳು ಸೀರೆಯ ಅಂಚು, ಸೆರಗು, ಬಣ್ಣಗಳನ್ನು ಇಂಗ್ಲಿಷಿನಲ್ಲಿ ವರ್ಣಿಸಲಿ. ಕೇಳಿದವಳು ಹಾಗೆಯೇ ಚಿತ್ರ ಬರೆಯಲಿ. ಚಿತ್ರ ತಪ್ಪಿದರೆ ಮಾತು ಎಲ್ಲಿ ತಪ್ಪಿತೆಂಬುದು ಅವರಿಗೇ ತಿಳಿಯುತ್ತದೆ. ಲಂಡನ್ನಿನ ಬೀದಿಯನ್ನು ಕಾಣದ ಮಕ್ಕಳಿಗೆ ಮನೆಯ ಮಗ್ಗವೇ ಮಾತಿನ ಮೊದಲ ವಸ್ತು.

ಇಂಥ ವಿಚಾರಕ್ಕೆ ನಮ್ಮ ನಾಡಿನಲ್ಲಿಯೇ ಮೇಲ್ಪಂಕ್ತಿಯಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದ ಹೊರದೇಶಗಳ ಭಾಷಾಶಿಕ್ಷಕರಿಗೂ ಪರಿಚಿತವಾಯಿತು. ಮಾತೊಂದೇ ಅದರ ಗುರಿಯಾಗಿರಲಿಲ್ಲ. ಆದರೆ ಅಲ್ಲಿ ವ್ಯಾಕರಣಸೂತ್ರಗಳ ಬದಲು ನಕ್ಷೆ, ವೇಳಾಪಟ್ಟಿ ಮುಂತಾದವುಗಳನ್ನು ಆಧರಿಸಿದ ಸಮಸ್ಯೆಗಳನ್ನು ಮಕ್ಕಳ ಮುಂದಿಟ್ಟರು. ಗುರುಗಳು ಒಂದನ್ನು ತರಗತಿಯೊಡನೆ ಪ್ರಶ್ನೋತ್ತರಗಳಿಂದ ಬಿಡಿಸುವರು. ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವರು. ಮನಸ್ಸು ಅರ್ಥದ ಕಡೆಗಿದ್ದಾಗ ಭಾಷೆ ತಾನಾಗಿ ಬೆಳೆಯುತ್ತದೆಂಬುದು ಆ ಪ್ರಯೋಗದ ತಿರುಳು.

ಉಚ್ಚಾರಣೆಯ ಪಾಠವೂ ನಮ್ಮ ನಾಲಗೆಯನ್ನು ಅರಿತು ರಚಿತವಾಗಬೇಕು. ಕನ್ನಡದಲ್ಲಿ ವಕಾರ ಒಂದೇ. ಇಂಗ್ಲಿಷಿನಲ್ಲಿ ಅದರ ಸ್ಥಾನದಲ್ಲಿ ಎರಡು ಧ್ವನಿಗಳಿವೆ. ಆದುದರಿಂದ ಪಶ್ಚಿಮ ದಿಕ್ಕೂ ಒಳಅಂಗಿಯೂ ನಮ್ಮ ಬಾಯಲ್ಲಿ ‘ವೆಸ್ಟ್’ ಆಗಿಬಿಡುತ್ತವೆ. ದಿಕ್ಕನ್ನು ಹೇಳುವಾಗ ತುಟಿಗಳನ್ನು ದುಂಡಗೆ ಮಾಡಬೇಕು; ಅಂಗಿಯನ್ನು ಹೇಳುವಾಗ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. ಬೇರೆ ನಾಡಿನವರಿಗಾಗಿ ಬರೆದ ಪುಸ್ತಕವು ನಮ್ಮ ಈ ತೊಡಕನ್ನು ಬಿಡಿಸಲಾರದು.

ಮಕ್ಕಳು ತಪ್ಪು ಮಾತನಾಡಿ ತಪ್ಪನ್ನೇ ರೂಢಿಸಿಕೊಳ್ಳುವರೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆ ನಿರಾಧಾರವಲ್ಲ. ತಪ್ಪನ್ನು ತಿದ್ದಲೇಬೇಕು, ಆದರೆ ಮಾತು ಮುಗಿದ ಮೇಲೆ, ನಗದೆ ತಿದ್ದಬೇಕು. ಒಮ್ಮೆ ನಗೆಗೀಡಾದ ಮಗು ಮತ್ತೆ ಸುಲಭವಾಗಿ ಬಾಯಿ ತೆರೆಯುವುದಿಲ್ಲ. ತಾಯ್ನುಡಿಯನ್ನೂ ನಾವೆಲ್ಲರೂ ತೊದಲುತ್ತಲೇ ಕಲಿತವರು. ಅಂದು ಮನೆಯವರು ತೋರಿದ ತಾಳ್ಮೆಯನ್ನು ಇಂದು ಶಾಲೆಯೂ ತೋರಿದರೆ, ಕನ್ನಡದಲ್ಲಿ ಓದಿದ ಮಕ್ಕಳು ಇಂಗ್ಲಿಷಿಗಾಗಿ ಯಾರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ.