ಹಳೆಯ ಫೋನು ಕೊಳ್ಳುವ ಮುನ್ನ

ನಮ್ಮ ಹಿರಿಯರು ಸಂತೆಯಲ್ಲಿ ದನ ಕೊಳ್ಳುವಾಗ ಹಲ್ಲು ನೋಡುತ್ತಿದ್ದರು. ಬಟ್ಟೆ ಕೊಳ್ಳುವಾಗ ಸೆರಗನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು. ಅಕ್ಕಿ ಕೊಳ್ಳುವಾಗ ಒಂದು ಕಾಳನ್ನು ಬಾಯಿಗೆ ಹಾಕಿ ಕಚ್ಚಿ ನೋಡುತ್ತಿದ್ದರು. ಆದರೆ ಅದೇ ಮನೆಯವರು ಇಂದು ಕಷ್ಟಪಟ್ಟು ಗಳಿಸಿದ ಹಣ ಕೊಟ್ಟು ಹಳೆಯ ಮೊಬೈಲ್ ಫೋನು ಕೊಳ್ಳುವಾಗ ಏನು ನೋಡುತ್ತಾರೆ? ಮಾರುವವನ ಬಾಯಿಯನ್ನು ನೋಡುತ್ತಾರೆ! ಅವನು ಹೇಳಿದ ಒಂದೆರಡು ದೊಡ್ಡ ಅಂಕೆಗಳನ್ನು ಕೇಳಿ ತಲೆದೂಗಿ ಹಣ ಎಣಿಸಿಕೊಡುತ್ತಾರೆ. ಇದು ಸರಿಯಲ್ಲವೆಂಬುದು ಹತ್ತನೆಯ ತರಗತಿಯ ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾವು ಹೇಗೆ ಬಂದೆವೆಂಬುದನ್ನು ನಮ್ಮ ಸಹಪಾಠಿಗಳ ಮತ್ತು ರಕ್ಷಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಫೋನು ಶಾಲೆಯ ಸಾಧನವಾದುದು ಹೇಗೆಂಬುದು ಎಲ್ಲರಿಗೂ ನೆನಪಿದೆ. ೨೦೨೦ರ ಜೂನ್ ೧ರಂದು, ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ಕೇರಳದಲ್ಲಿ 'ಫಸ್ಟ್ ಬೆಲ್' ಪಾಠಗಳು ಆರಂಭವಾದವು. ಆಗ ನಾವು ಕೆಳಗಿನ ತರಗತಿಗಳಲ್ಲಿದ್ದೆವು. ಮನೆಯಲ್ಲಿ ಒಂದೇ ಫೋನು, ಓದುವ ಮಕ್ಕಳು ಮೂವರು. ಅಪ್ಪ ಕೆಲಸಕ್ಕೆ ಹೋದರೆ ಪಾಠವೂ ಅವರ ಕಿಸೆಯಲ್ಲೇ ಹೋಯಿತು! ಅಂದು ಪಾಠ ತಪ್ಪಿದವರಿಗೆ ಫೋನಿನ ಬೆಲೆ ಏನೆಂದು ಚೆನ್ನಾಗಿ ಗೊತ್ತು. ಶಾಲೆಗಳು ಮತ್ತೆ ತೆರೆದರೂ ಟಿಪ್ಪಣಿಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಪ್ರಯೋಗಗಳ ವಿಡಿಯೋಗಳು ಫೋನಿನಲ್ಲಿಯೇ ಬರುತ್ತಿವೆ. ಹೊಸ ಫೋನು ಕೊಳ್ಳುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲ. ಆದುದರಿಂದ ಹಳೆಯ ಫೋನು ಕೊಳ್ಳುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ತಿಳಿಯದೆ ಕೊಂಡರೆ ಮಾತ್ರ ನಷ್ಟ.

ಈ ಸಲದ ಓಣಂ ರಜೆಗೆ ಮುಂಚೆ ನಮ್ಮ ಗೆಳತಿಯೊಬ್ಬಳ ಮನೆಯಲ್ಲಿ ಇಂತಹದೇ ಪ್ರಶ್ನೆ ಎದ್ದಿತು. ಆಕೆಯ ತಾಯಿ ಬೀಡಿ ಕಟ್ಟುತ್ತಾರೆ, ತಂದೆ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾರೆ. ಪರಿಚಯದ ಇಬ್ಬರು ತಮ್ಮ ಹಳೆಯ ಫೋನುಗಳನ್ನು ಒಂದೇ ಬೆಲೆಗೆ ಕೊಡಲು ಒಪ್ಪಿದ್ದರು. ಒಂದು ಶಿಯೋಮಿ ಕಂಪೆನಿಯ ರೆಡ್‌ಮಿ ನೋಟ್ ೪, ಇನ್ನೊಂದು ಮೊಟೊರೊಲಾ ಕಂಪೆನಿಯ ಮೋಟೋ ಜಿ೫ ಪ್ಲಸ್. ಯಾವುದನ್ನು ಕೊಳ್ಳುವುದು? ತರಗತಿಯಲ್ಲಿ ಎರಡು ಪಕ್ಷಗಳಾದವು. ಮಧ್ಯಾಹ್ನದ ಊಟದ ಹೊತ್ತಿನ ಗದ್ದಲ ಕೇಳಿ ಒಳಗೆ ಬಂದ ಗಣಿತದ ಮಾಷ್ಟ್ರು, "ಕೂಗುವುದರಿಂದ ಉತ್ತರ ಬರುವುದಿಲ್ಲ. ಎರಡರ ವಿವರಗಳನ್ನೂ ಬೋರ್ಡಿನ ಮೇಲೆ ಬರೆಯಿರಿ" ಎಂದರು. ನಾವು ಬರೆದೆವು. ಬರೆಯುತ್ತಾ ಹೋದಂತೆ ನಮ್ಮ ಕೂಗು ತಾನಾಗಿಯೇ ಕಡಿಮೆಯಾಯಿತು.

ಎರಡೂ ಒಂದೇ ಕಾಲದವು. ರೆಡ್‌ಮಿ ನೋಟ್ ೪ ಭಾರತದಲ್ಲಿ ೨೦೧೭ರ ಜನವರಿಯಲ್ಲಿ ಬಂದರೆ, ಮೋಟೋ ಜಿ೫ ಪ್ಲಸ್ ಅದೇ ವರ್ಷದ ಮಾರ್ಚಿಯಲ್ಲಿ ಬಂತು. ಮೊದಲನೆಯದರಲ್ಲಿ ೩ ಜಿಬಿ ರ‍್ಯಾಮ್, ೩೨ ಜಿಬಿ ಸಂಗ್ರಹವಿದ್ದ ಮಾದರಿಗೆ ಅಂದು ೧೦,೯೯೯ ರೂಪಾಯಿ. ಎರಡನೆಯದರಲ್ಲಿ ೩ ಜಿಬಿ ರ‍್ಯಾಮ್, ೧೬ ಜಿಬಿ ಸಂಗ್ರಹದ ಮಾದರಿಗೆ ೧೪,೯೯೯ ರೂಪಾಯಿ. ಗೆಳತಿಯ ಮನೆಗೆ ಬಂದಿದ್ದವೂ ಇವೇ ಮಾದರಿಗಳು. ಹೊಸದಾಗಿದ್ದಾಗ ೪,೦೦೦ ರೂಪಾಯಿ ಹೆಚ್ಚಿದ್ದ ಫೋನು ಈಗ ಅದೇ ಬೆಲೆಗೆ ಸಿಗುತ್ತದೆಂದರೆ ಅದನ್ನೇ ಕೊಳ್ಳಬೇಕೆಂದು ಒಂದು ಪಕ್ಷದ ವಾದ. ಮೇಲ್ನೋಟಕ್ಕೆ ಈ ವಾದ ಸರಿಯೆಂದೇ ತೋರುತ್ತದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ.

ಫೋನಿನ ಮಿದುಳು ಎಂದು ಕರೆಯಬಹುದಾದ ಪ್ರೊಸೆಸರನ್ನು ಮೊದಲು ನೋಡಿದೆವು. ನಮಗೆ ಆಶ್ಚರ್ಯ ಕಾದಿತ್ತು. ಎರಡರಲ್ಲಿಯೂ ಇರುವುದು ಒಂದೇ! ಕ್ವಾಲ್‌ಕಾಮ್ ಕಂಪೆನಿಯ ಸ್ನಾಪ್‌ಡ್ರಾಗನ್ ೬೨೫. ಎಂಟು ಕೋರ್‌ಗಳು, ೨ ಗಿಗಾಹರ್ಟ್ಸ್ ವೇಗ. ಹಾಗಾದರೆ "ಇದು ಅದಕ್ಕಿಂತ ಫಾಸ್ಟು" ಎಂದು ಅರ್ಧ ಗಂಟೆ ಜಗಳವಾಡಿದ್ದು ವ್ಯರ್ಥವಾಯಿತು. ಇಲ್ಲಿ ಒಂದು ಎಚ್ಚರಿಕೆಯ ಮಾತುಂಟು. ೨೦೧೬ರಲ್ಲಿ ಚೀನಾದಲ್ಲಿ ಬಿಡುಗಡೆಯಾದ ರೆಡ್‌ಮಿ ನೋಟ್ ೪ರಲ್ಲಿ ಮೀಡಿಯಾಟೆಕ್ ಕಂಪೆನಿಯ ಹೀಲಿಯೋ ಎಕ್ಸ್೨೦ ಎಂಬ ಬೇರೆಯೇ ಪ್ರೊಸೆಸರ್ ಇತ್ತು. ಹೆಸರು ಒಂದೇ, ಒಳಗಿನ ಯಂತ್ರ ಬೇರೆ. ಹೊರದೇಶದಿಂದ ಬಂದವರು ತಂದುಕೊಡುವ ಫೋನುಗಳು ನಮ್ಮ ಕಾಸರಗೋಡಿನ ಕಡೆ ಹೆಚ್ಚು. ಆದುದರಿಂದ ಹೆಸರು ಕೇಳಿ ಸುಮ್ಮನಾಗದೆ, ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರವನ್ನು ತೆರೆದು ನೋಡುವುದು ಒಳ್ಳೆಯದು.

ಎರಡನೆಯದು ಪರದೆ. ರೆಡ್‌ಮಿಯದು ೫.೫ ಇಂಚು, ಮೋಟೋದ್ದು ೫.೨ ಇಂಚು. ಎರಡರಲ್ಲಿಯೂ ಉದ್ದಕ್ಕೆ ೧೯೨೦, ಅಗಲಕ್ಕೆ ೧೦೮೦ ಚುಕ್ಕೆಗಳು. ಇಂಚಿನ ಅಳತೆಯೆಂದರೆ ಕರ್ಣದ ಅಳತೆ. ನಾವು ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ಕೆಲಸಕ್ಕೆ ಬಂತು. ಈ ಎರಡು ಸಂಖ್ಯೆಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಕರ್ಣದಲ್ಲಿ ಸುಮಾರು ೨೨೦೩ ಚುಕ್ಕೆಗಳು. ಅದನ್ನು ೫.೫ರಿಂದ ಭಾಗಿಸಿದರೆ ಇಂಚಿಗೆ ಸುಮಾರು ೪೦೧, ೫.೨ರಿಂದ ಭಾಗಿಸಿದರೆ ೪೨೪. ಕಾಗದದ ಮೇಲೆ ಮೋಟೋ ಗೆದ್ದಿತು. ಆದರೆ ಪುಸ್ತಕ ಓದುವಷ್ಟು ದೂರದಲ್ಲಿ ಹಿಡಿದು ನೋಡಿದಾಗ ನಮ್ಮಲ್ಲಿ ಒಬ್ಬರಿಗೂ ಈ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಪರದೆಯ ದೊಡ್ಡತನ. ೫.೫ ಇಂಚಿನ ಪರದೆಯ ವಿಸ್ತೀರ್ಣ ಇನ್ನೊಂದಕ್ಕಿಂತ ಶೇಕಡಾ ೧೨ರಷ್ಟು ಹೆಚ್ಚು. ಕನ್ನಡದ ಒತ್ತಕ್ಷರಗಳನ್ನು ಸಣ್ಣ ಅಕ್ಷರಗಳಲ್ಲಿ ಓದಬೇಕಾದ ನಮಗೆ ಇದು ಉಪಯೋಗದ ಮಾತು.

ಮೂರನೆಯದು ಕ್ಯಾಮರಾ. ರೆಡ್‌ಮಿಯದು ೧೩ ಮೆಗಾಪಿಕ್ಸೆಲ್, ಮೋಟೋದ್ದು ೧೨. ಹದಿಮೂರು ಹನ್ನೆರಡಕ್ಕಿಂತ ದೊಡ್ಡದೆಂದು ರೆಡ್‌ಮಿ ಪಕ್ಷದವರು ಚಪ್ಪಾಳೆ ತಟ್ಟಿದರು. ಅದು ಅವಸರದ ಚಪ್ಪಾಳೆ. ಮಸೂರದ ಬಾಯಿ ಎಷ್ಟು ಅಗಲವೆಂಬುದನ್ನು ಸೂಚಿಸುವ ಇನ್ನೊಂದು ಸಂಖ್ಯೆಯುಂಟು. ಅದು ರೆಡ್‌ಮಿಯಲ್ಲಿ ಎಫ್ ೨.೦, ಮೋಟೋದಲ್ಲಿ ಎಫ್ ೧.೭. ಈ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ. ಲೆಕ್ಕ ಹಾಕಿದರೆ ಮೋಟೋದ ಮಸೂರ ಶೇಕಡಾ ೩೮ರಷ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಗೆಳೆಯನ ಟಿಪ್ಪಣಿಯ ಚಿತ್ರ ತೆಗೆಯುವವರಿಗೆ ಮೋಟೋದ ಹನ್ನೆರಡೇ ಮೇಲು. ದೊಡ್ಡ ಅಂಕೆಯೆಲ್ಲ ಒಳ್ಳೆಯ ಅಂಕೆಯಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕೆ?

ನಾಲ್ಕನೆಯದು ಸಂಗ್ರಹ. ೩೨ ಜಿಬಿ ಮತ್ತು ೧೬ ಜಿಬಿ. ಈ ಜಾಗವೆಲ್ಲ ನಮಗೆ ಸಿಗುವುದಿಲ್ಲ. ಫೋನನ್ನು ನಡೆಸುವ ವ್ಯವಸ್ಥೆಯೇ ಅದರಲ್ಲಿ ಕೆಲವು ಜಿಬಿಗಳನ್ನು ಹಿಡಿದುಕೊಂಡಿರುತ್ತದೆ. ಆಮೇಲೆ ಆ್ಯಪ್‌ಗಳು, ವಾಟ್ಸಾಪಿನ ಚಿತ್ರಗಳು. ೧೬ ಜಿಬಿಯೆಂದರೆ ನೆಂಟರು ಬಂದ ದಿನದ ಒಂದು ಕೋಣೆಯ ಮನೆಯಿದ್ದಂತೆ. ಮೆಮೊರಿ ಕಾರ್ಡು ಹಾಕಬಹುದು ನಿಜ. ಆದರೆ ಎಲ್ಲ ಆ್ಯಪ್‌ಗಳೂ ಕಾರ್ಡಿಗೆ ಹೋಗಲು ಒಪ್ಪುವುದಿಲ್ಲ. ಇಲ್ಲಿ ರೆಡ್‌ಮಿಯೇ ಮುಂದು.

ಐದನೆಯದು ವ್ಯವಸ್ಥೆಯ ಆವೃತ್ತಿ. ಕಂಪೆನಿಯ ಕಡೆಯಿಂದ ರೆಡ್‌ಮಿಗೆ ಆಂಡ್ರಾಯ್ಡ್ ೭ರವರೆಗೆ, ಮೋಟೋಕ್ಕೆ ೮.೧ರವರೆಗೆ ಸಿಕ್ಕಿದೆ. ಇಲ್ಲಿ ಮೋಟೋ ಮುಂದು. ಮೆನುವಿನ ಭಾಷೆಗಳಲ್ಲಿ ಕನ್ನಡ ಸೇರಿದ್ದು ೨೦೧೪ರ ಆಂಡ್ರಾಯ್ಡ್ ೫ರಲ್ಲಿ. ಅದಕ್ಕಿಂತ ಹಳೆಯ ಫೋನುಗಳನ್ನು ಕನ್ನಡದ ಮಕ್ಕಳಿಗೆ ಕೊಡಿಸಬಾರದೆಂದು ನಮ್ಮ ಮತ. ಎಫ್‌ಎಂ ರೇಡಿಯೋ ಎರಡರಲ್ಲಿಯೂ ಉಂಟು. ಇಯರ್‌ಫೋನ್ ಸಿಕ್ಕಿಸಿ ಡೇಟಾ ಖರ್ಚಿಲ್ಲದೆ ಮಂಗಳೂರು ಆಕಾಶವಾಣಿ ಕೇಳಬಹುದು.

ಲೆಕ್ಕ ಹೀಗೆ ಸಮಸಮವಾಗಿ ನಿಂತಿತ್ತು. ಆ ಸಂಜೆ ಗೆಳತಿಯ ಮನೆಗೆ ಹೋಗಿ ಆಕೆಯ ತಾಯಿಗೆ ಎಲ್ಲವನ್ನೂ ವಿವರಿಸಿದೆವು. ಅವರು ಬೀಡಿ ಕಟ್ಟುತ್ತಲೇ ಕೇಳಿದರು. ಕೊನೆಗೆ, "ನೀವು ಹೇಳಿದ್ದರಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ ಮಕ್ಕಳೇ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವುದು ಹೆಚ್ಚು ಹೊತ್ತು ನಡೆಯುತ್ತದೆ? ಅದನ್ನು ಹೇಳಿ" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಇಡೀ ಬೋರ್ಡು ತುಂಬಿಸಿದ ನಮಗೆ ಹೊಳೆಯದ ಪ್ರಶ್ನೆ ಅದು. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ಆ ಮನೆಯಲ್ಲಿ ಮರುದಿನದವರೆಗೂ ದೀಪವಿಲ್ಲ.

ಬ್ಯಾಟರಿ ರೆಡ್‌ಮಿಯಲ್ಲಿ ೪೧೦೦ ಎಂಎಎಚ್, ಮೋಟೋದಲ್ಲಿ ೩೦೦೦. ಅಂದರೆ ಮೊದಲನೆಯದರಲ್ಲಿ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು. ಮೋಟೋದ ಜೊತೆ ಬರುತ್ತಿದ್ದ ಚಾರ್ಜರು ಬೇಗ ತುಂಬಿಸುತ್ತದೆ. ೧೫ ನಿಮಿಷಕ್ಕೆ ಆರು ಗಂಟೆಯವರೆಗಿನ ಬಳಕೆಯೆಂದು ಕಂಪೆನಿ ಹೇಳಿಕೊಂಡಿತ್ತು. ಆದರೆ ಕರೆಂಟೇ ಇಲ್ಲದಾಗ ಬೇಗ ತುಂಬುವ ಗುಣದಿಂದ ಏನು ಪ್ರಯೋಜನ?

ಇಷ್ಟಕ್ಕೇ ರೆಡ್‌ಮಿ ಗೆದ್ದಿತೆಂದು ಹೇಳುವಂತಿಲ್ಲ. ಈ ಅಂಕೆಗಳೆಲ್ಲ ೨೦೧೭ರವು. ಲಿಥಿಯಂ ಬ್ಯಾಟರಿ ತುಂಬಿ ಬರಿದಾಗುತ್ತಾ ಶಕ್ತಿ ಕಳೆದುಕೊಳ್ಳುತ್ತದೆ. ೪೧೦೦ರ ಬ್ಯಾಟರಿ ಶೇಕಡಾ ೭೦ಕ್ಕೆ ಇಳಿದಿದ್ದರೆ ಉಳಿದದ್ದು ೨೮೭೦ ಮಾತ್ರ. ಅದು ಹೊಸ ೩೦೦೦ಕ್ಕಿಂತಲೂ ಕಡಿಮೆ! ಹಳೆಯ ಫೋನಿನ ವಿವರಪಟ್ಟಿಯೆಂದರೆ ಮುದುಕರ ಮದುವೆಯ ಫೋಟೋ ಇದ್ದ ಹಾಗೆ. ಅಂದು ಹೇಗಿದ್ದರೆಂದು ತಿಳಿಯುತ್ತದೆ, ಇಂದು ಹೇಗಿದ್ದಾರೆಂದು ತಿಳಿಯುವುದಿಲ್ಲ. ಆದುದರಿಂದ ನಾವು ಎರಡು ಫೋನುಗಳನ್ನೂ ಒಂದು ದಿನದ ಮಟ್ಟಿಗೆ ಕೇಳಿ ತಂದೆವು. ಎರಡನ್ನೂ ಪೂರ್ತಿ ಚಾರ್ಜು ಮಾಡಿ, ಒಂದೇ ಪಾಠದ ವಿಡಿಯೋವನ್ನು ಒಂದು ಗಂಟೆ ಓಡಿಸಿ ಎಷ್ಟು ಇಳಿಯಿತೆಂದು ನೋಡಿದೆವು. ಗಂಟೆಗೆ ಶೇಕಡಾ ೧೦ ಇಳಿದರೆ ಸುಮಾರು ಹತ್ತು ಗಂಟೆ ನಡೆದೀತು. ೨೫ ಇಳಿದರೆ ನಾಲ್ಕೇ ಗಂಟೆ. ಎರಡೂ ವಯಸ್ಸಾದ ಬ್ಯಾಟರಿಗಳೇ. ಆದರೂ ರೆಡ್‌ಮಿ ಹೆಚ್ಚು ಹೊತ್ತು ನಿಂತಿತು. ಗೆಳತಿಯ ಮನೆಯವರು ಅದನ್ನೇ ಕೊಂಡರು. ನಮ್ಮಲ್ಲಿ ಇಬ್ಬರು ಮಾತ್ರ, ಮೋಟೋದ ೪ ಜಿಬಿ, ೩೨ ಜಿಬಿ ಮಾದರಿ ಬಂದಿದ್ದರೆ ತೀರ್ಪು ಬೇರೆಯಾಗುತ್ತಿತ್ತೆಂದು ಇಂದಿಗೂ ಹೇಳುತ್ತಾರೆ. ಆ ಮಾತನ್ನೂ ನಾವು ತಳ್ಳಿಹಾಕುವುದಿಲ್ಲ.

ಹಳೆಯ ಫೋನು ಕೊಳ್ಳುವ ರಕ್ಷಕರು ಇನ್ನೂ ಕೆಲವು ಸಂಗತಿಗಳನ್ನು ಗಮನಿಸಬೇಕೆಂದು ನಮ್ಮ ವಿನಂತಿ. ಹಿಂಬದಿ ಉಬ್ಬಿದ್ದರೆ ಅಥವಾ ಪರದೆ ಅಂಚಿನಲ್ಲಿ ಎದ್ದಿದ್ದರೆ ಬ್ಯಾಟರಿ ಕೆಟ್ಟಿದೆಯೆಂದು ತಿಳಿದು ಅದನ್ನು ಮುಟ್ಟದಿರುವುದೇ ಲೇಸು. ಬಿಲ್ಲು ಕೇಳಬೇಕು. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಎಂದು ಒತ್ತಿದರೆ ಫೋನಿನ ಹದಿನೈದು ಅಂಕೆಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಅದು ಕಳವಿನ ಫೋನೇ ಎಂಬುದನ್ನು ಕೇಂದ್ರ ಸರಕಾರದ 'ಸಂಚಾರ್ ಸಾಥಿ'ಯಲ್ಲಿ ಪರೀಕ್ಷಿಸಬಹುದು. ಮಾರುವವನ ಗೂಗಲ್ ಖಾತೆಯನ್ನು ಅವನ ಕೈಯಿಂದಲೇ ತೆಗೆಸಬೇಕು. ಇಲ್ಲವಾದರೆ ಎಲ್ಲವನ್ನೂ ಅಳಿಸಿದ ಮೇಲೆ ಫೋನು ಹಳೆಯ ಯಜಮಾನನ ಗುಪ್ತಪದವನ್ನೇ ಕೇಳುತ್ತಾ ಕುಳಿತೀತು.

ಮುಖ್ಯವಾದ ಮಾತೊಂದು ಉಳಿದಿದೆ. ಈ ಎರಡು ಫೋನುಗಳಿಗೂ ಕಂಪೆನಿಗಳಿಂದ ಈಗ ಭದ್ರತೆಯ ಪರಿಷ್ಕರಣೆ ಬರುವುದಿಲ್ಲ. ಬೀಗ ಹಳತಾಗಿದೆ, ದುರಸ್ತಿ ಮಾಡುವವರಿಲ್ಲ. ಆದುದರಿಂದ ಪಾಠಕ್ಕೆ, ಓದಿಗೆ, ಮಾತಿಗೆ ಇವು ಸಾಕು. ಬ್ಯಾಂಕಿನ ಹಣದ ವ್ಯವಹಾರವನ್ನು ಮಾತ್ರ ಇಂತಹ ಫೋನಿನಲ್ಲಿ ಇಟ್ಟುಕೊಳ್ಳಬಾರದು.

ಸಹಪಾಠಿಗಳೇ, ನಮ್ಮ ಹೆತ್ತವರಿಗೆ ಇಂಗ್ಲಿಷಿನ ವಿವರಪಟ್ಟಿ ಓದಲು ಬಾರದಿರಬಹುದು. ಆದರೆ ತಮ್ಮ ಮನೆಗೆ ಏನು ಬೇಕೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾವು ಅಂಕೆಗಳನ್ನು ಓದಿ ಹೇಳೋಣ, ಅವರು ಪ್ರಶ್ನೆ ಕೇಳಲಿ. "ಇದರಲ್ಲಿ ಎಷ್ಟು ಮೆಗಾಪಿಕ್ಸೆಲ್ ಉಂಟು?" ಎಂದು ಅಂಗಡಿಯವನನ್ನು ಕೇಳುವ ಮೊದಲು "ನಮ್ಮ ಮನೆಗೆ ಯಾತಕ್ಕೆ ಬೇಕು?" ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಬೀಡಿಯ ಸೂಪಿನ ಮುಂದೆ ಕುಳಿತಿದ್ದ ಆ ತಾಯಿಯಿಂದ ನಾವು ಕಲಿತ ಪಾಠ ಇದು.