ಚಿತ್ರಕ್ಕೆ ‘ಅಂತೆ’ ಇಲ್ಲ

ಯಾದಗಿರಿ, ಶಹಾಪುರ, ಸುರಪುರಗಳ ಇತಿಹಾಸ ಜನರನ್ನು ತಲುಪಿಲ್ಲ. ಕೃತಕ ಬುದ್ಧಿಮತ್ತೆಯ ವಿಡಿಯೊ ಉಪಕರಣಗಳು ಈ ಕೊರತೆಯನ್ನು ನೀಗಿಸಬಲ್ಲವು ಎಂಬ ವಾದವೊಂದಿದೆ. ಅದರ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ಪರೀಕ್ಷಿಸದೆ ಒಪ್ಪಿದರೆ, ಇರುವ ಅಲ್ಪಸ್ವಲ್ಪ ಇತಿಹಾಸವೂ ಕೈತಪ್ಪೀತು.

ಈ ಉಪಕರಣಗಳ ಶಕ್ತಿಯನ್ನು ಹಗುರವಾಗಿ ಕಾಣುವಂತಿಲ್ಲ. ಓಪನ್‌ಎಐ ಸಂಸ್ಥೆ 2024ರ ಫೆಬ್ರವರಿಯಲ್ಲಿ ‘ಸೋರಾ’ವನ್ನು ಪರಿಚಯಿಸಿದಾಗ ಅದರ ದೃಶ್ಯಗಳು ಮೂಕವಾಗಿದ್ದವು; 2025ರ ಮೇ ತಿಂಗಳಲ್ಲಿ ಬಂದ ಗೂಗಲ್‌ನ ‘ವಿಯೊ 3’ ಮಾತನ್ನೂ ಸದ್ದನ್ನೂ ಚಿತ್ರದೊಡನೆ ಹುಟ್ಟಿಸಿತು. ಅದೇ ವರ್ಷ ಕನ್ನಡದ ‘ಲವ್ ಯೂ’ ಚಿತ್ರ ಸುದ್ದಿಯಾಯಿತು. ಸುಮಾರು 10 ಲಕ್ಷ ರೂಪಾಯಿಯಲ್ಲಿ, ಕೃತಕ ಬುದ್ಧಿಮತ್ತೆಯಿಂದಲೇ ಅದನ್ನು ಸಿದ್ಧಪಡಿಸಿದ್ದಾಗಿ ತಯಾರಕರು ಹೇಳಿಕೊಂಡರು. ಕೋಟೆ, ಕುದುರೆ, ಸೈನ್ಯಗಳ ದೃಶ್ಯ ಇನ್ನು ಸಿರಿವಂತ ನಿರ್ಮಾಪಕರ ಸೊತ್ತಲ್ಲ. ಹಳ್ಳಿಯ ಶಾಲೆಯ ಉಪಾಧ್ಯಾಯರೂ ಅದನ್ನು ಮಾಡಿಸಬಹುದು. ಇದು ಸಣ್ಣ ಲಾಭವಲ್ಲ.

ಮಿತಿಗಳಲ್ಲಿ ಎರಡು ಬಗೆ. ಮೊದಲನೆಯದು ಕಾಲಕ್ರಮದಲ್ಲಿ ಕಡಿಮೆಯಾಗುವಂಥದು. ಬಿಸ್ಕತ್ತನ್ನು ಕಚ್ಚಿದ ಮೇಲೂ ಅದರಲ್ಲಿ ಕಚ್ಚಿದ ಗುರುತು ಕಾಣದೆ ಹೋಗಬಹುದೆಂದು ಸೋರಾದ ತಯಾರಕರೇ ಆರಂಭದಲ್ಲಿ ಒಪ್ಪಿಕೊಂಡಿದ್ದರು. ಹುಣಸಗಿ ಸಮೀಪದ ಇಸಾಂಪುರಕ್ಕೆ ಈ ದೋಷವನ್ನು ಅನ್ವಯಿಸಿ ನೋಡಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಅಗೆದು ತೆಗೆದದ್ದು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜಿಸಲಾದ ಕಲ್ಲಿನ ಆಯುಧಗಳ ತಯಾರಿಕೆಯ ನೆಲೆಯನ್ನು. ಚಕ್ಕೆ ಎದ್ದುಹೋದ ಕಲ್ಲಿನಲ್ಲಿ ಉಳಿದ ಗಾಯವೇ ಅಲ್ಲಿಯ ಲಿಪಿ. ಪೆಟ್ಟು ಯಾವ ದಿಕ್ಕಿನಿಂದ ಬಿತ್ತೆಂಬುದನ್ನು ವಿದ್ವಾಂಸರು ಓದುವುದು ಅದರಿಂದಲೇ. ಪೆಟ್ಟು ಬಿದ್ದರೂ ಗಾಯ ಉಳಿಯದ ದೃಶ್ಯ ಎಷ್ಟೇ ಮೋಹಕವಾಗಿರಲಿ, ಆ ಲಿಪಿಯನ್ನು ಅಳಿಸಿದಂತೆಯೇ. ಹಾಗೆಯೇ, ಯಂತ್ರ ಕಲಿಯುವುದು ಹೇರಳವಾಗಿ ದೊರೆಯುವ ಚಿತ್ರಗಳಿಂದ. ಸುರಪುರದ ಚಿತ್ರಕಲಾ ಪರಂಪರೆಯ ಪ್ರತಿಗಳು ಅಂತರ್ಜಾಲದಲ್ಲಿ ವಿರಳ, ರಾಜಸ್ಥಾನದ ಅರಮನೆಗಳ ಚಿತ್ರಗಳು ಅಸಂಖ್ಯ. ಬೇಡ ನಾಯಕರ ತಲೆಗೆ ರಜಪೂತರ ರುಮಾಲು ಏರುವ ಸಂಭವವೇ ಹೆಚ್ಚು. ಈ ದೋಷಗಳನ್ನು ಮುಂದಿನ ಆವೃತ್ತಿಗಳು ತಿದ್ದಬಹುದು.

ಎರಡನೆಯ ಮಿತಿ ಯಾವ ಆವೃತ್ತಿಯಲ್ಲಿಯೂ ನೀಗದು, ಏಕೆಂದರೆ ಅದು ದೃಶ್ಯದ ಸ್ವಭಾವಕ್ಕೇ ಅಂಟಿದ್ದು. ಕನ್ನಡದಲ್ಲಿ ‘ಅಂತೆ’ ಎಂಬ ಪ್ರತ್ಯಯವಿದೆ. ಸುರಪುರ ಸೀಮೆಯ ಬಾಯಲ್ಲಿ ಅದು ‘ಅಂತ’. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಗೆರೆ ಎಳೆಯುವ ಈ ಪುಟ್ಟ ರೂಪವೇ ಇತಿಹಾಸ ಬರಹದ ಪ್ರಾಮಾಣಿಕತೆಯ ಬೇರು. ಚಿತ್ರಕ್ಕೆ ‘ಅಂತೆ’ ಇಲ್ಲ. ಅದರಲ್ಲಿ ಎಲ್ಲವೂ ನಡೆದೇ ಹೋಗಿರುತ್ತದೆ.

ಸುರಪುರದ ರಾಜಾ ವೆಂಕಟಪ್ಪ ನಾಯಕನ ಸಾವನ್ನೇ ನೋಡಬಹುದು. 1858ರ ಬಂಡಾಯ ವಿಫಲವಾಗಿ, ಸೆರೆಸಿಕ್ಕ ರಾಜನನ್ನು ಚೆಂಗಲ್‌ಪಟ್ಟಿಗೆ ಸಾಗಿಸಲಾಗುತ್ತಿತ್ತು. ಬಾಲ್ಯದಲ್ಲಿ ಅವನ ಪಾಲನೆಯ ಹೊಣೆ ಹೊತ್ತಿದ್ದ, ಅವನಿಂದ ‘ಅಪ್ಪಾ’ ಎನಿಸಿಕೊಂಡಿದ್ದ ಮೆಡೋಸ್ ಟೇಲರ್, 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾನೆ: ಕಾವಲಿನ ಅಧಿಕಾರಿ ಪಿಸ್ತೂಲಿದ್ದ ಸೊಂಟಪಟ್ಟಿಯನ್ನು ಬಿಚ್ಚಿಟ್ಟು ಡೇರೆಯಿಂದ ಹೊರಹೋದ, ಗುಂಡಿನ ಸದ್ದು ಕೇಳಿಸಿತು, ಓಡಿಬಂದಾಗ ರಾಜ ಸತ್ತುಬಿದ್ದಿದ್ದ. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬುದು ಪ್ರಶ್ನೆಯಾಗಿಯೇ ಉಳಿದಿದೆ. ಕೊಲೆಯೆಂಬ ಶಂಕೆಯೂ ಅಳಿದಿಲ್ಲ. ಗದ್ಯದ ಒಂದೇ ವಾಕ್ಯ ಈ ಮೂರನ್ನೂ ಹೊರಬಲ್ಲದು. ವಿಡಿಯೊ ಉಪಕರಣಕ್ಕೆ ‘ರಾಜನ ಸಾವನ್ನು ತೋರಿಸು’ ಎಂದರೆ ಅದು ಪಿಸ್ತೂಲನ್ನು ಯಾರದೋ ಕೈಗೆ ಕೊಡಲೇಬೇಕು. ಆ ಎಂಟು ಸೆಕೆಂಡಿನ ತುಣುಕು ನೂರಾರು ಮೊಬೈಲುಗಳಲ್ಲಿ ಹರಿದಾಡಿದ ಮೇಲೆ, ವಿದ್ಯಾರ್ಥಿಯ ಮನಸ್ಸಿನಲ್ಲಿ ಪ್ರಶ್ನೆ ಉಳಿಯದು, ತೀರ್ಪು ಉಳಿಯುತ್ತದೆ.

ಶಹಾಪುರದ ಬಳಿಯ ವಿಭೂತಿಹಳ್ಳಿಯದೂ ಇದೇ ಪಾಡು. ಅಲ್ಲಿ ಬೃಹತ್ ಶಿಲಾಯುಗದ ಮಂದಿ ಬಂಡೆಗಳನ್ನು ಸಾಲುಗಟ್ಟಿ ಚೌಕಚೌಕವಾಗಿ ಇರಿಸಿದ್ದಾರೆ. ಸಮಾಧಿ ಸಂಬಂಧದ ಆಚರಣೆಗೋ ಸೂರ್ಯನ ಚಲನೆಯನ್ನು ಗುರುತಿಸುವುದಕ್ಕೋ ಎಂಬುದು ಇನ್ನೂ ಚರ್ಚೆಯ ವಿಷಯ. ಯಂತ್ರಕ್ಕೆ ಚರ್ಚೆ ಬೇಡ. ಬಿಳಿ ಬಟ್ಟೆಯ ಪೂಜಾರಿಯನ್ನೂ ಉದಯಿಸುವ ಸೂರ್ಯನನ್ನೂ ತಂದು ನಿಲ್ಲಿಸಿಬಿಡುತ್ತದೆ.

ಕಾದಂಬರಿಕಾರನೂ ಚಿತ್ರಕಾರನೂ ಕಲ್ಪಿಸುವುದಿಲ್ಲವೇ ಎಂಬ ಆಕ್ಷೇಪ ಬರಬಹುದು. ಕಲ್ಪಿಸುತ್ತಾರೆ, ಆದರೆ ಒಪ್ಪಂದವನ್ನು ಮುಚ್ಚಿಡುವುದಿಲ್ಲ. ಟೇಲರನೇ ‘ತಾರಾ’, ‘ಸೀತಾ’ ಕಾದಂಬರಿಗಳನ್ನೂ ಬರೆದ, ಆತ್ಮಕಥೆಯನ್ನೂ ಬರೆದ. ಕೈ ಒಂದೇ ಆದರೂ ಯಾವುದು ಯಾವುದೆಂದು ಓದುಗನಿಗೆ ಗೊತ್ತಿತ್ತು. ಛಾಯಾಚಿತ್ರದ ವೇಷದಲ್ಲಿ ಬರುವ ಕಲ್ಪನೆ ಆ ಒಪ್ಪಂದವನ್ನೇ ಮುರಿಯುತ್ತದೆ. ಕ್ಯಾಮೆರಾ ಅಲ್ಲಿತ್ತೆಂಬ ಸುಳ್ಳು ಅದರ ಪ್ರತಿ ಚೌಕಟ್ಟಿನಲ್ಲೂ ಇದೆ.

ಮೊಹರು ಹಾಕಿದರೆ ಸಾಲದೇ ಎನ್ನುವವರಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ನಿಯಮ, ಕೃತಕ ದೃಶ್ಯದ ಶೇ. 10ರಷ್ಟು ಜಾಗದಲ್ಲಿ ಗುರುತು ಇರಬೇಕೆಂದಿತು. ಗುರುತು ಬೇಕು. ಆದರೆ ‘ಇದೆಲ್ಲ ಕೃತಕ’ ಎಂಬ ಒಂದೇ ಮೊಹರು, ಶಾಸನಾಧಾರವಿರುವ ಕೋಟೆಯ ಬಾಗಿಲನ್ನೂ ಆಧಾರವಿಲ್ಲದ ರಾಣಿಯ ಕಣ್ಣೀರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಗ್ರಂಥ ಸಂಪಾದಕ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಇಂಥ ಬೆರಕೆಯನ್ನು ತಡೆಯಲೆಂದೇ.

ಆದುದರಿಂದ ಇತಿಹಾಸದ ಹೆಸರಿನಲ್ಲಿ ಬರುವ ಪ್ರತಿ ಕೃತಕ ದೃಶ್ಯಕ್ಕೂ ಆಧಾರದ ಪಟ್ಟಿಯನ್ನು ಕೇಳುವುದು ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳ ಕರ್ತವ್ಯ. ಯಾವುದು ದಾಖಲೆ, ಯಾವುದು ಊಹೆ, ಯಾವುದು ಬರಿಯ ಅಲಂಕಾರ ಎಂಬುದು ದೃಶ್ಯದೊಡನೆಯೇ ಸಾಗಬೇಕು. ಭಿನ್ನಮತವಿರುವಲ್ಲಿ ಎರಡೂ ಪಾಠಗಳನ್ನು ತೋರಿಸಬೇಕು. ಸಾಕ್ಷಿಯಿಲ್ಲದಲ್ಲಿ ತೋರಿಸದೆ ಇರುವ ಧೈರ್ಯ ಬೇಕು. ಕೋಟೆಯನ್ನು ಕಟ್ಟಿಕೊಡುವ ಕೆಲಸ ಯಂತ್ರದ್ದಾಗಲಿ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆನ್ನುವ ಕೆಲಸ ವಿದ್ವಾಂಸರದು. ಅದನ್ನು ಯಂತ್ರಕ್ಕೆ ಬಿಟ್ಟುಕೊಟ್ಟ ದಿನ ಸುರಪುರಕ್ಕೆ ಚಲನಚಿತ್ರಗಳಿರುತ್ತವೆ, ಚರಿತ್ರೆ ಇರುವುದಿಲ್ಲ.